"ಕಪ್ಪಗಿದ್ದರೂ" ಎನ್ನುವಾಗ ಬರುವ ಆ "ರೂ": ನಮ್ಮ ಹೆಣ್ಣುಮಕ್ಕಳ ಬಣ್ಣದ ಬಗ್ಗೆ ಮಾತನಾಡೋಣ

ತುಮಕೂರಿನ ತಾಯಿ (ಚರ್ಚೆ ಆರಂಭಿಸಿದವರು)

ಕಳೆದ ಭಾನುವಾರ ನನ್ನ ಮಗಳು ಮನೆಯವರೆಲ್ಲರ ಚಿತ್ರ ಬರೆಯುತ್ತಿದ್ದಳು. ಎರಡನೆಯ ತರಗತಿಯ ಹುಡುಗಿ. ನಡುವೆ ಎದ್ದು ಬಂದು, "ಅಮ್ಮ, ಚರ್ಮದ ಬಣ್ಣದ ಕ್ರೇಯಾನ್ ಮುಗಿದುಹೋಯಿತು, ಹೊಸದು ಬೇಕು" ಎಂದಳು. ಯಾವುದು ಎಂದು ಕೇಳಿದೆ. ಉಗುರಿನಷ್ಟು ಉಳಿದಿದ್ದ ತಿಳಿಗುಲಾಬಿ ತುಂಡನ್ನು ತೋರಿಸಿದಳು. ನನ್ನ ಮಗಳದು ಅವಳ ಅಪ್ಪನ ಬಣ್ಣ, ಹದವಾಗಿ ಹುರಿದ ಕಾಫಿ ಬೀಜದ ಬಣ್ಣ. ಆ ಗುಲಾಬಿ ತುಂಡಿನ ಬಣ್ಣದವರು ನಮ್ಮ ಮನೆಯಲ್ಲಿ ಒಬ್ಬರೂ ಇಲ್ಲ. ಆದರೆ ತರಗತಿಯ ಮಕ್ಕಳೆಲ್ಲರೂ ಅದನ್ನೇ "ಚರ್ಮದ ಬಣ್ಣ" ಎಂದು ಕರೆಯುತ್ತಾರಂತೆ. ಚಿತ್ರದಲ್ಲಿ ಅಜ್ಜಿ, ಅಪ್ಪ, ನಾನು ಗುಲಾಬಿಯಾಗಿ ಮುಗಿದಿದ್ದೆವು. ಅವಳೊಬ್ಬಳು ಬರಿಯ ಗೆರೆಯಾಗಿ ಉಳಿದಿದ್ದಳು.

ಇದನ್ನು ಇವಳಿಗೆ ಕಲಿಸಿದವರು ಯಾರು ಎಂದು ನೆನಪಿನಲ್ಲಿ ಹುಡುಕಿದೆ. ಬೈದವರು, ಹಂಗಿಸಿದವರು ಸಿಗಲಿಲ್ಲ. ಸಿಕ್ಕವರೆಲ್ಲ ಅವಳನ್ನು ಎತ್ತಿ ಮುದ್ದಾಡಿದವರೇ. ನಾಮಕರಣದ ದಿನ ತೊಟ್ಟಿಲು ತೂಗುತ್ತಾ ಒಬ್ಬರು "ಅಪ್ಪನ ಬಣ್ಣ ಬಂದುಬಿಟ್ಟಿದೆ, ಪಾಪ" ಎಂದರು. ಆಡಲು ಹೊರಟರೆ ನಾನೇ "ಬಿಸಿಲಿಗೆ ಹೋಗಬೇಡ, ಕರ್ರಗಾಗುತ್ತೀಯ" ಎನ್ನುತ್ತೇನೆ. ನಾನು ಬಸುರಿಯಾಗಿದ್ದಾಗ ಅತ್ತೆ ದಿನವೂ ಕೇಸರಿ ಹಾಕಿದ ಹಾಲು ಕೊಡುತ್ತಿದ್ದರು, ನಾನೂ ಮಾತನಾಡದೆ ಕುಡಿದೆ. ಮದುವೆ ಮುಂಜಿಗಳಲ್ಲಿ ಎಲ್ಲರೂ ಮೆಚ್ಚಿಕೊಂಡು ಹೇಳುವ ಮಾತು ಒಂದೇ: "ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ."

ಆ "ರೂ" ನನ್ನನ್ನು ಒಂದು ವಾರದಿಂದ ನಿದ್ದೆಗೆಡಿಸಿದೆ. ಬಡವನಾದರೂ ಪ್ರಾಮಾಣಿಕ, ವಯಸ್ಸಾದರೂ ಗಟ್ಟಿಗ, ಓದದಿದ್ದರೂ ಜಾಣೆ. ಆ ಪ್ರತ್ಯಯ ಕೂತ ಕಡೆಯೆಲ್ಲ ಒಂದು ಕೊರತೆಯನ್ನು ಮೊದಲೇ ಒಪ್ಪಿಕೊಂಡಾಗಿರುತ್ತದೆ. "ಬೆಳ್ಳಗಿದ್ದರೂ ಲಕ್ಷಣವಾಗಿದ್ದಾಳೆ" ಎಂದು ಯಾರಾದರೂ ಹೇಳಿದ್ದನ್ನು ನೀವು ಕೇಳಿದ್ದೀರಾ? ಮಗಳ ಮನಸ್ಸಿನೊಳಗೆ ಇಳಿದಿರುವುದು ಬೈಗುಳವಲ್ಲ, ಈ ಕನಿಕರ. ಬೈದವರೊಂದಿಗೆ ಜಗಳವಾಡಬಹುದು. ಕನಿಕರ ಪಟ್ಟವರೊಂದಿಗೆ ಏನು ಮಾಡುವುದು? ಇದನ್ನು ದಾಟಿ ಬಂದವರು ಇದ್ದರೆ ದಯವಿಟ್ಟು ಬರೆಯಿರಿ.

ನಿವೃತ್ತ ಶಿಕ್ಷಕಿ, ಹಾವೇರಿ

ನಾನು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸಬೇಕು. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದೆ. ವಾರ್ಷಿಕೋತ್ಸವದ ನೃತ್ಯಕ್ಕೆ ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದವಳು ನಾನೇ. ಮುಂದಿನ ಸಾಲಿಗೆ ಯಾರು, ಹಿಂದಿನ ಸಾಲಿಗೆ ಯಾರು ಎಂದು ಕೈ ತಾನಾಗಿಯೇ ತೋರಿಸುತ್ತಿತ್ತು. ಕುಣಿತ ಚೆನ್ನಾಗಿ ಬರುತ್ತಿದ್ದ ಹುಡುಗಿಯೊಬ್ಬಳು ಪ್ರತಿ ವರ್ಷವೂ ಹಿಂದೆ ನಿಂತಳು. ಏಳನೆಯ ತರಗತಿಯಲ್ಲಿ ಅವಳು ಹೆಸರೇ ಕೊಡಲಿಲ್ಲ. ಕಾರಣ ಕೇಳುವ ಧೈರ್ಯ ನನಗೆ ಬರಲಿಲ್ಲ, ಏಕೆಂದರೆ ಉತ್ತರ ನನಗೆ ಗೊತ್ತಿತ್ತು.

ಇನ್ನೂ ಒಂದು. ಕೃಷ್ಣಾಷ್ಟಮಿಗೆ ಮುದ್ದುಕೃಷ್ಣ ಸ್ಪರ್ಧೆ ನಡೆಸುತ್ತಿದ್ದೆವು. "ಕೃಷ್ಣ" ಎಂಬ ಪದದ ಅರ್ಥವೇ ಕಪ್ಪು. ಕೃಷ್ಣಪಕ್ಷ ಎನ್ನುವುದಿಲ್ಲವೇ? ಮಹಾಭಾರತದಲ್ಲಿ ದ್ರೌಪದಿಯ ಹೆಸರೂ ಕೃಷ್ಣೆ, ಅದೂ ಅವಳ ಮೈಬಣ್ಣದಿಂದ ಬಂದದ್ದು. ವ್ಯಾಸರು ಕೃಷ್ಣದ್ವೈಪಾಯನರು. ಇಷ್ಟೆಲ್ಲ ತರಗತಿಯಲ್ಲಿ ಪಾಠ ಹೇಳಿ, ಸಂಜೆ ಸ್ಪರ್ಧೆಗೆ ಬೆಳ್ಳಗಿನ ಮಗುವನ್ನು ಹುಡುಕಿ ಅದರ ಮೈಗೆ ನೀಲಿ ಬಳಿಯುತ್ತಿದ್ದೆವು. ಹುಟ್ಟಿನಿಂದಲೇ ಆ ದೇವರ ಬಣ್ಣ ಪಡೆದಿದ್ದ ಮಕ್ಕಳು ಚಪ್ಪಾಳೆ ತಟ್ಟಲು ಕೂತಿರುತ್ತಿದ್ದವು.

ಆದರೆ ತಾಯಿಯವರಿಗೆ ಒಂದು ಮಾತು. "ನೀನೂ ಸುಂದರಿ" ಎಂದು ಹೇಳುತ್ತಾ ಕೂರಬೇಡಿ. ಆ "ನೀನೂ" ಕೂಡ ನಿಮ್ಮ "ರೂ" ಇದ್ದ ಹಾಗೆಯೇ. ಹುಡುಗಿ ಏನು ಮಾಡಬಲ್ಲಳು ಎಂಬುದನ್ನು ಹೊಗಳಿ. ಅವಳ ಲೆಕ್ಕ, ಅವಳ ಓಟ, ಅವಳು ಬರೆದ ಚಿತ್ರ. ರೂಪದ ಮಾತನ್ನೇ ಮನೆಯಿಂದ ಕಡಿಮೆ ಮಾಡಿ.

ಮದುವೆಯ ಮಾತಿನಿಂದ ದಣಿದವಳು, ಅರಸೀಕೆರೆ

ಟೀಚರ್, ನಿಮ್ಮ ಮಾತನ್ನು ಗೌರವದಿಂದಲೇ ಒಪ್ಪುವುದಿಲ್ಲ. ನನ್ನನ್ನು ಓದಿಗೆ ಹೊಗಳಿದರು, ಕೆಲಸಕ್ಕೆ ಹೊಗಳಿದರು. "ಬಣ್ಣ ಹೇಗಾದರೂ ಇರಲಿ, ತಲೆ ಚುರುಕು" ಎಂದರು. ಅಂದರೆ ಚೆಲುವು ನನ್ನ ಪಾಲಿಗೆ ಬಂದದ್ದಲ್ಲ, ಅದರ ಬದಲಿಗೆ ಬುದ್ಧಿ ಎಂದು ನಾನು ತಿಳಿದೆ. ಹತ್ತೊಂಬತ್ತು ವರ್ಷದವರೆಗೆ ಕನ್ನಡಿಯ ಮುಂದೆ ತಲೆ ಬಾಚುವಷ್ಟು ಹೊತ್ತು ಮಾತ್ರ ನಿಂತವಳು ನಾನು. ಒಂದು ಮಗುವಿಗೆ ನೀನು ಚೆಂದ ಎಂದು ಯಾರಾದರೂ ಹೇಳಬೇಕು. ಯಾವ ಪ್ರತ್ಯಯವೂ ಇಲ್ಲದೆ ಹೇಳಬೇಕು.

ನನಗೆ ಈಗ ಇಪ್ಪತ್ತೊಂಬತ್ತು. ಆರು ಸಲ ಹೆಣ್ಣು ನೋಡುವ ಶಾಸ್ತ್ರ ಆಗಿದೆ. ಜಾತಕ ಕೂಡಿ, ಉದ್ಯೋಗ ಒಪ್ಪಿಗೆಯಾಗಿ, ಮನೆಗೆ ಬಂದು ಉಪ್ಪಿಟ್ಟು ತಿಂದು, ಹೊರಟ ಮೇಲೆ "ಫೋಟೋದಲ್ಲಿ ಸ್ವಲ್ಪ ಬೇರೆ ಕಂಡಿದ್ದರು" ಎಂದು ಹೇಳಿ ಕಳುಹಿಸಿದ್ದಾರೆ. ಅಪ್ಪ ನನ್ನ ವಿವರದಲ್ಲಿ "ಗೋಧಿ ಮೈಬಣ್ಣ" ಎಂದು ಬರೆಸಿದ್ದರು. ನಾನು ಗೋಧಿ ಬಣ್ಣದವಳಲ್ಲ. ನಮ್ಮದು ರಾಗಿ ಬೆಳೆಯುವ ಹೊಲ. ಅಜ್ಜ ಅಜ್ಜಿ ರಾಗಿ ತಿಂದೇ ಎಪ್ಪತ್ತು ದಾಟಿದರು. ರಾಗಿ ಬಣ್ಣ ಎಂದು ಬರೆಸಲು ಏನು ನಾಚಿಕೆ? ಏಳನೆಯ ವಿವರವನ್ನು ನಾನೇ ಬರೆದೆ. "ಮೈಬಣ್ಣ: ರಾಗಿ." ಅಪ್ಪ ಎರಡು ದಿನ ಮಾತು ಬಿಟ್ಟರು.

2020ರಲ್ಲಿ ಒಂದು ದೊಡ್ಡ ವಧೂವರ ಜಾಲತಾಣ, ಬಳಕೆದಾರರ ಮನವಿಯ ಒತ್ತಡಕ್ಕೆ ಮಣಿದು, ಮೈಬಣ್ಣದಿಂದ ಹುಡುಕುವ ಆಯ್ಕೆಯನ್ನು ತೆಗೆದುಹಾಕಿತು. ಒಳ್ಳೆಯದೇ. ಆದರೆ ನಮ್ಮೂರಿನ ದಲ್ಲಾಳಿಯ ನೋಟ್‌ಪುಸ್ತಕದಲ್ಲಿ ಆ ಅಂಕಣ ಇನ್ನೂ ಇದೆ.

ಇಬ್ಬರು ಹೆಣ್ಣುಮಕ್ಕಳ ತಂದೆ, ಮಂಡ್ಯ

ನಾನು ನಿಮ್ಮ ಅಪ್ಪನ ಪರವಾಗಿ ಮಾತನಾಡುತ್ತೇನೆ, ಸಿಟ್ಟಾಗಬೇಡಿ. ಅಪ್ಪನಿಗೆ ನಾಚಿಕೆಯಲ್ಲ, ಭಯ. ನನ್ನ ದೊಡ್ಡ ಮಗಳು ಕಪ್ಪು, ಚಿಕ್ಕವಳು ಕೆಂಪು. ದೊಡ್ಡವಳಿಗೆ ಗಂಡು ಸಿಗುವುದು ತಡವಾಗುತ್ತದೆ, ಹೆಚ್ಚು ಚಿನ್ನ ಕೇಳುತ್ತಾರೆ ಎಂದು ನನಗೆ ಅವಳು ಐದನೆಯ ತರಗತಿಯಲ್ಲಿದ್ದಾಗಲೇ ಗೊತ್ತಿತ್ತು. ಆದ್ದರಿಂದ ಕ್ರೀಮು ತಂದುಕೊಟ್ಟೆ. ಜಗತ್ತು ಬದಲಾಗುವವರೆಗೆ ಮಗಳನ್ನು ಮನೆಯಲ್ಲಿ ಕೂರಿಸಲು ಆಗುತ್ತದೆಯೇ? ಮಾತಿನ ಪ್ರತ್ಯಯ ತೆಗೆದರೆ ವರದಕ್ಷಿಣೆ ಇಳಿಯುತ್ತದೆಯೇ?

ತುಮಕೂರಿನ ತಾಯಿ

ಇಳಿಯುವುದಿಲ್ಲ. ನಿಮ್ಮ ಭಯ ಸುಳ್ಳು ಎಂದು ನಾನು ಹೇಳಲಾರೆ. ಆದರೆ ಒಂದು ಕೇಳುತ್ತೇನೆ. ಕ್ರೀಮು ಕೈಗೆ ಕೊಟ್ಟ ದಿನ ಮಗಳು ಏನೆಂದು ತಿಳಿದಳು? ಹೊರಗಿನವರ ಬೆಲೆಪಟ್ಟಿಯನ್ನು ಅಪ್ಪನೂ ಒಪ್ಪಿದ್ದಾನೆ ಎಂದಲ್ಲವೇ? ಹೊರಗೆ ನೂರು ಜನ ತೂಗಿ ನೋಡುತ್ತಾರೆ. ತೂಗದೆ ಇರುವ ಒಂದು ಮನೆಯಾದರೂ ಅವಳಿಗೆ ಬೇಡವೇ?

ಇಬ್ಬರು ಹೆಣ್ಣುಮಕ್ಕಳ ತಂದೆ, ಮಂಡ್ಯ

ಈ ಪ್ರಶ್ನೆಗೆ ನನ್ನಲ್ಲಿ ಈಗ ಉತ್ತರವಿಲ್ಲ. ಮಗಳನ್ನು ಕೇಳಿ ಬರೆಯುತ್ತೇನೆ.

ಔಷಧ ಅಂಗಡಿಯವಳು, ಮೈಸೂರು

ಕ್ರೀಮಿನ ಮಾತು ಬಂದಿರುವುದರಿಂದ ನಾನು ಉದ್ದವಾಗಿಯೇ ಬರೆಯುತ್ತೇನೆ, ಕ್ಷಮಿಸಿ. ಹದಿನಾಲ್ಕು ವರ್ಷದಿಂದ ಕೌಂಟರಿನ ಈಚೆ ನಿಂತು ಇದನ್ನು ನೋಡುತ್ತಿದ್ದೇನೆ.

ಮೊದಲು ಚರ್ಮದ ವಿಷಯ. ಬಣ್ಣ ತಯಾರಿಸುವ ಮೆಲನೋಸೈಟ್ ಕೋಶಗಳ ಸಂಖ್ಯೆ ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಅವು ತಯಾರಿಸುವ ಮೆಲನಿನ್ ಎಷ್ಟು, ಯಾವ ಬಗೆಯದು, ಅದರ ಕಣಗಳು ಎಷ್ಟು ದೊಡ್ಡವು, ಹೇಗೆ ಹರಡಿಕೊಂಡಿವೆ ಎಂಬುದರಲ್ಲಿ. ಬಿಸಿಲಿನ ನೇರಳಾತೀತ ಕಿರಣವನ್ನು ತಡೆಯುವ ಕೊಡೆ ಅದು. ಕಪ್ಪು ಬಣ್ಣ ಚರ್ಮದ ಮೇಲೆ ಕೂತ ಕೊಳೆಯಲ್ಲ, ಉಜ್ಜಿದರೆ ಹೋಗುವುದಕ್ಕೆ. ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುವುದೂ ಇಲ್ಲ. ಬಣ್ಣ ಬರುವುದು ತಂದೆತಾಯಿಯ ವಂಶವಾಹಿಗಳಿಂದ.

ಈಗ ಟ್ಯೂಬಿನ ವಿಷಯ. 1975ರಲ್ಲಿ ಮಾರುಕಟ್ಟೆಗೆ ಬಂದ "ಫೇರ್ ಅಂಡ್ ಲವ್ಲಿ" 2020ರಲ್ಲಿ "ಗ್ಲೋ ಅಂಡ್ ಲವ್ಲಿ" ಎಂದು ಹೆಸರು ಬದಲಿಸಿಕೊಂಡಿತು. ಕಪ್ಪಗಿರುವವರನ್ನು ದುಃಖಿಗಳಂತೆ, ಸೋತವರಂತೆ ತೋರಿಸಬಾರದು ಎಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿಯೇ ನಿಯಮ ಮಾಡಿತ್ತು. ಆದರೆ ನನಗೆ ಹೆಚ್ಚು ಹೆದರಿಕೆ ಇರುವುದು ಜಾಹೀರಾತಿನಲ್ಲಿ ಬರುವ ಕ್ರೀಮುಗಳ ಬಗ್ಗೆ ಅಲ್ಲ, ಕಿವಿಯಿಂದ ಕಿವಿಗೆ ಹೋಗುವವುಗಳ ಬಗ್ಗೆ. ಹೈಡ್ರೋಕ್ವಿನೋನ್, ಟ್ರೆಟಿನೋಯಿನ್, ಜೊತೆಗೆ ಮೊಮೆಟಾಸೋನ್‌ನಂತಹ ಸ್ಟೀರಾಯ್ಡ್ ಸೇರಿಸಿದ ಮುಲಾಮು ಇದೆ. ಇದು ಬಂಗು ಎಂಬ ಮುಖದ ಕಪ್ಪು ಕಲೆಗೆ, ವೈದ್ಯರ ನಿಗಾದಲ್ಲಿ, ಕೆಲವು ವಾರ ಮಾತ್ರ ಹಚ್ಚುವ ಔಷಧ. ನಮ್ಮಲ್ಲಿ ಮದುವೆ ನಿಶ್ಚಯವಾದ ಹುಡುಗಿಯರು ಪೌಡರಿನಂತೆ ತಿಂಗಳುಗಟ್ಟಲೆ ಹಚ್ಚುತ್ತಾರೆ. ಮೊದಲ ವಾರಗಳಲ್ಲಿ ಮುಖ ಹೊಳೆಯುತ್ತದೆ, ನಿಜ. ಅಕ್ಕ ತಂಗಿಗೆ, ತಂಗಿ ಗೆಳತಿಗೆ ಹೇಳುತ್ತಾಳೆ. ಆಮೇಲೆ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಕೆಂಪು ಜೇಡರಬಲೆಯಂತೆ ಕಾಣುತ್ತವೆ, ಮೊಡವೆ ಏಳುತ್ತದೆ, ಕೆನ್ನೆಯ ಮೇಲೆ ಕೂದಲು ಬರುತ್ತದೆ. ನಿಲ್ಲಿಸಿದರೆ ಮುಖ ಬೆಂಕಿಯಂತೆ ಉರಿಯುತ್ತದೆ, ಉರಿ ತಾಳಲಾರದೆ ಮತ್ತೆ ಹಚ್ಚುತ್ತಾರೆ. 2018ರಿಂದ ಇಂತಹ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ನಾನು ಕೊಡುವುದಿಲ್ಲ ಎಂದರೆ ಪಕ್ಕದ ಬೀದಿಗೆ ಹೋಗುತ್ತಾರೆ.

ಇನ್ನೊಂದು ಬಗೆ, ತಯಾರಕರ ವಿಳಾಸವೇ ಸರಿಯಾಗಿ ಇಲ್ಲದ ಡಬ್ಬಿಗಳು. ಇವುಗಳಲ್ಲಿ ಪಾದರಸ ಇರಬಹುದು. ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬಿಳುಪಿನ ಕ್ರೀಮು ಹಚ್ಚಿದವರಲ್ಲಿ ಮೂತ್ರಪಿಂಡದ ಕಾಯಿಲೆ ಕಾಣಿಸಿಕೊಂಡದ್ದನ್ನು ಅಲ್ಲಿನ ವೈದ್ಯರು 2023ರಲ್ಲಿ ಗುರುತಿಸಿದರು. ಮುಖಕ್ಕೆ ಹಚ್ಚಿದ್ದು ಮೂತ್ರಪಿಂಡಕ್ಕೆ ಇಳಿಯುತ್ತದೆ ಎಂದರೆ ಯಾರೂ ನಂಬುವುದಿಲ್ಲ. ದಯವಿಟ್ಟು ನಂಬಿ.

ರಾಯಚೂರಿನವಳು

ಎಲ್ಲರೂ ಬಣ್ಣದ ಬಗ್ಗೆ ಬರೆದಿದ್ದೀರಿ, ಬಣ್ಣದ ಹಿಂದೆ ನಿಂತಿರುವುದನ್ನು ಯಾರೂ ಬರೆದಿಲ್ಲ. ನಾನು ಬರೆಯುತ್ತೇನೆ. ನಾನು ದಲಿತ ಹೆಣ್ಣುಮಗಳು. ಅವ್ವ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುತ್ತಿದ್ದಳು. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ನೆರಳಿನಲ್ಲಿ ಕೂರಲು ಅನುಕೂಲವಿದ್ದವರ ಬಣ್ಣ ಚೆಲುವಾಯಿತು, ಬಿಸಿಲಿನಲ್ಲಿ ದುಡಿದವರ ಬಣ್ಣ ಕುರೂಪವಾಯಿತು.

ನನ್ನ ಬಣ್ಣ ಸ್ವಲ್ಪ ತಿಳಿ. ಕಚೇರಿಯಲ್ಲಿ ಜಾತಿ ಗೊತ್ತಾದ ದಿನ ಸಹೋದ್ಯೋಗಿಯೊಬ್ಬರು "ನೋಡಿದರೆ ಹಾಗೆ ಕಾಣುವುದೇ ಇಲ್ಲ" ಎಂದರು. ಅದನ್ನು ಮೆಚ್ಚುಗೆ ಎಂದುಕೊಂಡೇ ಹೇಳಿದರು. ಹಾಗೆ ಎಂದರೆ ಹೇಗೆ? ನನ್ನ ಅವ್ವನ ಹಾಗೆಯೇ? ನನ್ನ ತಂಗಿ ಅವ್ವನ ಬಣ್ಣ. ಅವಳಿಗೆ ಬಾಡಿಗೆ ಕೊಠಡಿ ಹುಡುಕುವಾಗ ಮನೆಯ ಮಾಲೀಕರು ಬಾಗಿಲಲ್ಲಿಯೇ ಕುಲ ಕೇಳಿದರು, ನನ್ನನ್ನು ಒಳಗೆ ಕರೆದು ಕೂರಿಸಿ ಕೇಳಿದರು. ಆದ್ದರಿಂದ ಪ್ರತ್ಯಯ ತೆಗೆಯಿರಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಅವ್ವನ ಮೈಬಣ್ಣ ದುಡಿಮೆಯ ಬಣ್ಣ, ಅದನ್ನು ನೋಡಿ ಮುಖ ತಿರುಗಿಸುವವರ ಬಾಯಲ್ಲಿ ಬಣ್ಣ ಎಂಬ ಪದ ಇದ್ದರೂ ಮನಸ್ಸಿನಲ್ಲಿ ಇರುವುದು ಬೇರೆ.

ಹಳಿಯಾಳದ ಸಿದ್ದಿ ಹುಡುಗಿ

ಅಕ್ಕ ಬರೆದದ್ದು ಓದಿ ನನಗೂ ಬರೆಯುವ ಧೈರ್ಯ ಬಂತು. ನಾವು ಸಿದ್ದಿಗಳು. ನಮ್ಮ ಪೂರ್ವಿಕರನ್ನು ಶತಮಾನಗಳ ಹಿಂದೆ ಆಫ್ರಿಕಾದಿಂದ ತಂದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಯ ಕಾಡಂಚಿನಲ್ಲಿ ನಮ್ಮ ಊರುಗಳಿವೆ. ನಾನು ಹುಟ್ಟಿದ್ದು ಇಲ್ಲಿ, ಓದಿದ್ದು ಕನ್ನಡದಲ್ಲಿ. ಆದರೂ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ "ಯಾವ ದೇಶ?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಕನ್ನಡದಲ್ಲಿ ಉತ್ತರ ಕೊಟ್ಟರೆ ಮೊಬೈಲ್ ತೆಗೆದು ಚಿತ್ರ ಹಿಡಿಯಲು ಬರುತ್ತಾರೆ. ಹಾಸ್ಟೆಲಿನಲ್ಲಿ ಕೇಳದೆಯೇ ಕೂದಲಿಗೆ ಕೈ ಹಾಕುತ್ತಿದ್ದರು, ಸ್ಪ್ರಿಂಗಿನ ಹಾಗಿದೆ ಎಂದು ಎಳೆದು ನೋಡುತ್ತಿದ್ದರು.

ಪದವಿಯ ಮೊದಲ ವರ್ಷ ಎರಡು ತಿಂಗಳು ಹಣ ಕೂಡಿಸಿ ಕೂದಲು ನೇರ ಮಾಡಿಸಿಕೊಂಡೆ. ನೆತ್ತಿ ಸುಟ್ಟು ಹೊಪ್ಪಳೆ ಎದ್ದಿತು. ಊರಿಗೆ ಹೋದಾಗ ಅಜ್ಜಿ ಏನೂ ಬೈಯಲಿಲ್ಲ. ಕೊಬ್ಬರಿ ಎಣ್ಣೆ ತಂದು, ಬೆಂಕಿಯ ಪಕ್ಕ ಕೂರಿಸಿಕೊಂಡು, ಎಳೆಎಳೆಯಾಗಿ ಬಿಡಿಸಿ ಹಚ್ಚಿದಳು. ನನ್ನ ಕೂದಲನ್ನು ಸಿಟ್ಟಿಲ್ಲದೆ ಮುಟ್ಟುವುದು ಹೇಗೆ ಎಂದು ನನಗೆ ಆ ರಾತ್ರಿ ತಿಳಿಯಿತು. ಅಲ್ಲಿಯವರೆಗೆ ನಾನು ಬಾಚಣಿಗೆಯಿಂದ ಅದಕ್ಕೆ ಶಿಕ್ಷೆ ಕೊಡುತ್ತಿದ್ದೆ. ಗುಂಗುರು ಕೂದಲು ಒಣಗುವುದು ಸಹಜ, ನೆತ್ತಿಯ ಜಿಡ್ಡು ಸುರುಳಿ ಸುತ್ತಿ ತುದಿಯವರೆಗೆ ಇಳಿಯುವುದಿಲ್ಲ. ಒದ್ದೆ ಇರುವಾಗಲೇ, ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯಿಂದ ಆರಂಭಿಸಿ ಮೇಲಕ್ಕೆ ಬಿಡಿಸಬೇಕು. ಇಷ್ಟು ಸರಳ ವಿಷಯವನ್ನು ಯಾವ ಪಾರ್ಲರಿನವರೂ ನನಗೆ ಹೇಳಿರಲಿಲ್ಲ. "ಸ್ಟ್ರೈಟ್ ಮಾಡಿಸಿ" ಎಂದಷ್ಟೇ ಹೇಳುತ್ತಿದ್ದರು.

2020ರಲ್ಲಿ ನಮ್ಮ ಸಮುದಾಯದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದಾಗ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂತು. ನನ್ನ ತಮ್ಮ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದ. ನಮ್ಮಂತಹ ಮುಖವನ್ನು ಪತ್ರಿಕೆಯಲ್ಲಿ ಗೌರವದೊಂದಿಗೆ ನೋಡಿದ್ದು ಅವನಿಗೆ ಅದೇ ಮೊದಲು. ಹೆಣ್ಣುಮಕ್ಕಳಿಗೂ ಅಂತಹ ಒಂದು ಗೋಡೆ ಬೇಕು.

ನ್ಯೂಜೆರ್ಸಿಯ ಕನ್ನಡತಿ

ತಂಗಿ, ನೀನು ಬರೆದದ್ದನ್ನು ಇಲ್ಲಿನ ನನ್ನ ಕಪ್ಪು ಗೆಳತಿಯರಿಗೆ ಓದಿ ಹೇಳಿದೆ. ಒಬ್ಬಳು ಬಹಳ ಹೊತ್ತು ಸುಮ್ಮನಿದ್ದು, "ಆ ಅಜ್ಜಿ ನನ್ನ ಅಜ್ಜಿಯೇ" ಎಂದಳು. ಇಲ್ಲಿ ಅವರು ಈ ಹೋರಾಟವನ್ನು ಕಾನೂನಿನವರೆಗೆ ಒಯ್ದಿದ್ದಾರೆ. 2018ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದಲ್ಲಿಯೇ ಶಾಲೆಯ ಕುಸ್ತಿ ಪಂದ್ಯವೊಂದರಲ್ಲಿ ಕಪ್ಪು ಹುಡುಗನೊಬ್ಬನಿಗೆ ಜಡೆ ಕತ್ತರಿಸು, ಇಲ್ಲವೇ ಪಂದ್ಯ ಬಿಡು ಎಂದರು. ಎಲ್ಲರೆದುರು ಕತ್ತರಿಸಿದರು. ಸರಿಯಾಗಿ ಒಂದು ವರ್ಷಕ್ಕೆ, ಸಹಜ ಕೂದಲಿನ ಕಾರಣಕ್ಕೆ ಯಾರನ್ನೂ ಶಾಲೆಯಲ್ಲಿ, ಕೆಲಸದಲ್ಲಿ ತಾರತಮ್ಯ ಮಾಡಬಾರದು ಎಂಬ ಕ್ರೌನ್ ಕಾಯ್ದೆ ಇಲ್ಲಿ ಜಾರಿಗೆ ಬಂತು. ಕ್ಯಾಲಿಫೋರ್ನಿಯಾ ಅದೇ 2019ರಲ್ಲಿ ಮೊದಲು ತಂದಿತ್ತು.

ತುಮಕೂರಿನ ಅಕ್ಕ ಬರೆದ ಕ್ರೇಯಾನಿನ ಮಾತು ಓದಿದಾಗ ನನಗೆ ನೆನಪಾದದ್ದು ಬೊಂಬೆಗಳ ಪ್ರಯೋಗ. 1940ರ ದಶಕದಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಎಂಬ ಕಪ್ಪು ಮನಶ್ಶಾಸ್ತ್ರಜ್ಞ ದಂಪತಿ ಪುಟ್ಟ ಮಕ್ಕಳ ಮುಂದೆ ಬಿಳಿ ಬೊಂಬೆ, ಕಂದು ಬೊಂಬೆ ಇಟ್ಟು ಯಾವುದು ಒಳ್ಳೆಯದು ಎಂದು ಕೇಳಿದರು. ಹೆಚ್ಚಿನ ಕಪ್ಪು ಮಕ್ಕಳು ಬಿಳಿಯದನ್ನು ತೋರಿಸಿದರು. ಕೊನೆಗೆ "ಇವುಗಳಲ್ಲಿ ನಿನ್ನ ಹಾಗಿರುವುದು ಯಾವುದು?" ಎಂದಾಗ ಕೆಲವು ಮಕ್ಕಳು ಅತ್ತರು. 1954ರಲ್ಲಿ ಶಾಲೆಗಳಲ್ಲಿ ವರ್ಣಭೇದ ಸಲ್ಲದು ಎಂಬ ತೀರ್ಪು ಬಂದಾಗ ಈ ಅಧ್ಯಯನವೂ ನ್ಯಾಯಾಲಯದ ಮುಂದಿತ್ತು. ಅಕ್ಕ, ನಿಮ್ಮ ಮಗಳು ತನ್ನ ಜಾಗವನ್ನು ಬರಿದಾಗಿ ಬಿಟ್ಟದ್ದು ಸಣ್ಣ ವಿಷಯವಲ್ಲ.

ನಮ್ಮವರ ಬಗ್ಗೆಯೂ ಹೇಳಬೇಕು. ಇಲ್ಲಿಗೆ ಬಂದು ನಾವೂ ಬಿಳಿಯರ ಕಣ್ಣಿಗೆ ಕಂದು ಜನರೇ. ಆದರೂ ಯುಗಾದಿಯ ಊಟದಲ್ಲಿ ಕೂತು ಕಪ್ಪು ನೆರೆಯವರ ಬಗ್ಗೆ ಏನೇನೋ ಮಾತನಾಡುತ್ತೇವೆ, ಮಗನಿಗೆ ಊರಿನಿಂದ ಬೆಳ್ಳಗಿನ ಹುಡುಗಿಯನ್ನು ಹುಡುಕುತ್ತೇವೆ. ಮಕ್ಕಳು ಕೇಳಿಸಿಕೊಳ್ಳುತ್ತಿರುತ್ತಾರೆ.

ಛಾಯಾಗ್ರಾಹಕ, ಚಿಕ್ಕಮಗಳೂರು

ಮದುವೆ ಚಿತ್ರ ತೆಗೆಯುವವನಾಗಿ ನನಗೂ ಪಾಲಿದೆ. "ಮುಖ ಸ್ವಲ್ಪ ಬೆಳ್ಳಗೆ ಮಾಡಿಕೊಡಿ" ಎಂದು ಕೇಳದ ಆಲ್ಬಮ್ ಇಲ್ಲ. ಮಾಡಿಕೊಟ್ಟಿದ್ದೇನೆ. ಮುಖ ಬೆಳ್ಳಗೆ, ಕೈ ಕಪ್ಪಗೆ ಇರುವ ವಧುಗಳು ಈ ಜಿಲ್ಲೆಯ ಎಷ್ಟೋ ಗೋಡೆಗಳ ಮೇಲಿದ್ದಾರೆ. ಫಿಲ್ಮಿನ ಕಾಲದಲ್ಲಿ ಬಣ್ಣ ಸರಿಹೊಂದಿಸಲು ಕೊಡಾಕ್ ಕಂಪನಿ ಕಳುಹಿಸುತ್ತಿದ್ದ ಮಾದರಿ ಚಿತ್ರಗಳಲ್ಲಿ ಇರುತ್ತಿದ್ದದ್ದು ಬಿಳಿಯ ಮಹಿಳೆ. ನಾವು ಕಲಿತ ಬೆಳಕಿನ ಲೆಕ್ಕವೂ ಆ ಚರ್ಮದ್ದೇ.

ಕಪ್ಪು ಮೈಗೆ ಬೆಳಕು ಕೊಡುವುದನ್ನು ನಾನು ಕಲಿತದ್ದು ಬೇಲೂರಿನಲ್ಲಿ. ಚೆನ್ನಕೇಶವ ದೇವಾಲಯದ ದರ್ಪಣ ಸುಂದರಿಯನ್ನು ನೀವೆಲ್ಲ ನೋಡಿರುತ್ತೀರಿ. 1117ರ ದೇವಾಲಯ, ಬಳಪದ ಕಲ್ಲು, ಹೊಳಪು ಕೊಟ್ಟ ಗಾಢ ಬಣ್ಣ. ಮಧ್ಯಾಹ್ನ ನೇರವಾಗಿ ಫ್ಲಾಶ್ ಹೊಡೆದರೆ ಅವಳು ಸತ್ತ ಕಲ್ಲು. ಸಂಜೆ ಬೆಳಕು ಓರೆಯಾಗಿ ಬಿದ್ದಾಗ ಕೆನ್ನೆ, ಗಲ್ಲ, ತೋಳು ಒಂದೊಂದಾಗಿ ಎದ್ದು ಬರುತ್ತವೆ. ಕನ್ನಡಿ ಹಿಡಿದು ತನ್ನನ್ನು ತಾನೇ ನೋಡಿಕೊಳ್ಳುತ್ತಿರುವ ಹೆಣ್ಣು ಅವಳು, ಆ ಮುಖದಲ್ಲಿ ಎಷ್ಟು ನೆಮ್ಮದಿ! ಅರಸೀಕೆರೆಯ ಸಹೋದರಿ, ಕಪ್ಪು ಚರ್ಮಕ್ಕೆ ಕಿಟಕಿಯ ಪಕ್ಕದ ಬೆಳಕು, ಸಾಸಿವೆ ಹಳದಿ, ಕುಂಕುಮ ಕೆಂಪು, ನವಿಲು ನೀಲಿಯ ಸೀರೆ. ಎದುರಿನಿಂದ ಫ್ಲಾಶ್ ಬೇಡ, ಎಡಿಟಿಂಗಿನಲ್ಲಿ ಬಿಳುಪು ಏರಿಸುವುದೂ ಬೇಡ. ಈಗ ನಾನು ವಧುವಿಗೆ ಎರಡು ಪ್ರತಿ ತೋರಿಸುತ್ತೇನೆ, ತಿದ್ದಿದ್ದು ಒಂದು, ತಿದ್ದದೆ ಬಿಟ್ಟದ್ದು ಒಂದು. ಹುಡುಗಿಯರು ತಿದ್ದದೆ ಬಿಟ್ಟದ್ದನ್ನೇ ಹಿಡಿದು ಹೆಚ್ಚು ಹೊತ್ತು ನೋಡುತ್ತಾರೆ. ಆದರೆ ಆಯ್ಕೆ ಮಾಡುವವರು ಪಕ್ಕದಲ್ಲಿ ಕೂತ ಚಿಕ್ಕಮ್ಮಂದಿರು.

ಇಬ್ಬರು ಹೆಣ್ಣುಮಕ್ಕಳ ತಂದೆ, ಮಂಡ್ಯ

ಮಗಳನ್ನು ಕೇಳಿದೆ. ಆ ಕ್ರೀಮನ್ನು ಅವಳು ಹಚ್ಚಿಕೊಂಡೇ ಇರಲಿಲ್ಲವಂತೆ. ನನಗೆ ಬೇಸರವಾಗಬಾರದು ಎಂದು ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಹಿಂಡಿ ಚೆಲ್ಲುತ್ತಿದ್ದಳಂತೆ. ಇನ್ನು ಬರೆಯಲು ಆಗುತ್ತಿಲ್ಲ.

ತುಮಕೂರಿನ ತಾಯಿ

ಇದನ್ನೆಲ್ಲ ನಿನ್ನೆ ರಾತ್ರಿ ಅತ್ತೆಗೆ ಓದಿ ಹೇಳಿದೆ. ಕೇಸರಿ ಹಾಲಿನ ಮಾತು ಬಂದಾಗ ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ತಮ್ಮನ್ನು ಮೂವರು ಬಣ್ಣದ ಕಾರಣಕ್ಕೆ ಬೇಡವೆಂದಿದ್ದರು, ನಾಲ್ಕನೆಯವರು ನನ್ನ ಮಾವ, ಎಂದು ಮೊದಲ ಬಾರಿಗೆ ಹೇಳಿದರು. "ಮೊಮ್ಮಗಳಿಗೆ ಆ ಮೂರು ಮನೆ ಬೇಡ ಎಂದು ಹಾಲು ಕೊಟ್ಟೆ" ಎಂದರು. ನಾನು ಅವರ ಕೈ ಹಿಡಿದುಕೊಂಡು ಕೂತೆ.

ಮಗಳಿಗೆ ಹೊಸ ಬಣ್ಣದ ಪೆಟ್ಟಿಗೆ ತಂದೆ. ಗುಲಾಬಿಗೆ ಇನ್ನು ಮುಂದೆ ಗುಲಾಬಿ ಎಂದೇ ಹೇಳೋಣ ಎಂದೆ. ಅವಳಿನ್ನೂ ಚಿತ್ರ ಮುಗಿಸಿಲ್ಲ, ನಾನು ಅವಸರ ಮಾಡಿಲ್ಲ. "ಬಿಸಿಲಿಗೆ ಹೋಗಬೇಡ" ಎಂಬ ಮಾತನ್ನು ನಿಲ್ಲಿಸಿದ್ದೇನೆ, ಇವತ್ತು ಸಂಜೆ ಏಳರವರೆಗೆ ಬೀದಿಯಲ್ಲಿ ಕುಂಟೆಬಿಲ್ಲೆ ಆಡಿದಳು.

ಮೈಸೂರಿನ ಔಷಧ ಅಂಗಡಿಯವರಿಗೆ ಒಂದು ಪ್ರಶ್ನೆ. ನನ್ನ ನಾದಿನಿಯ ಮಗಳಿಗೆ ಮಾಘದಲ್ಲಿ ಮದುವೆ. ಐದು ತಿಂಗಳಿನಿಂದ ಒಂದು ಟ್ಯೂಬ್ ಹಚ್ಚುತ್ತಿದ್ದಾಳೆ. ಅತ್ತೆ ಅದನ್ನು ತರಿಸಿ ನನ್ನ ಕೈಗೆ ಕೊಟ್ಟು "ಓದು" ಎಂದರು. ಹೈಡ್ರೋಕ್ವಿನೋನ್, ಟ್ರೆಟಿನೋಯಿನ್, ಮೊಮೆಟಾಸೋನ್ ಎಂದಿದೆ. ಅವಳ ಕೆನ್ನೆ ಕೆಂಪಗಾಗಿರುವುದನ್ನು ನಾವೆಲ್ಲ ಕಳೆ ಬಂದಿದೆ ಎಂದುಕೊಂಡಿದ್ದೆವು.

ಔಷಧ ಅಂಗಡಿಯವಳು, ಮೈಸೂರು

ಅದೇ ಮುಲಾಮು. ಗಾಬರಿಯಾಗಬೇಡಿ, ಆದರೆ ತಡಮಾಡಬೇಡಿ. ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ, ಉರಿ ಹೆಚ್ಚಾಗಬಹುದು. ಚರ್ಮರೋಗ ತಜ್ಞರ ಬಳಿ ಹೋಗಿ, ಟ್ಯೂಬನ್ನು ಜೊತೆಗೆ ಒಯ್ಯಿರಿ, ಎಷ್ಟು ತಿಂಗಳು ಹಚ್ಚಿದಳು ಎಂದು ಸರಿಯಾಗಿ ಹೇಳಿ. ಹೇಗೆ ಬಿಡಿಸಬೇಕು ಎಂದು ಅವರು ತಿಳಿಸುತ್ತಾರೆ. ಅಲ್ಲಿಯವರೆಗೆ ಮುಖಕ್ಕೆ ಕಡಲೆಹಿಟ್ಟು, ನಿಂಬೆಹಣ್ಣು, ಅರಿಶಿನ ಏನನ್ನೂ ಉಜ್ಜಬೇಡಿ.

ತುಮಕೂರಿನ ತಾಯಿ

ಶನಿವಾರ ಬೆಳಿಗ್ಗೆಗೆ ಸಮಯ ಸಿಕ್ಕಿದೆ. ನಾನು ರಜೆ ಹಾಕಿದ್ದೇನೆ. ಅತ್ತೆಯೂ ಬರುತ್ತೇನೆ ಎಂದಿದ್ದಾರೆ, ಹುಡುಗಿಯ ತಾಯಿಗೆ ತಾವೇ ಹೇಳುತ್ತಾರಂತೆ.